ಅಂಚು ಕತ್ತರಿಸದ ಬೈಂಡರು: ಅವ್ವನ ಸತ್ಯವೇದ ಹೊಲಿಸಿದ ಅನುಭವ

ಬೆಳಗಾವಿಯ ಖಡೇ ಬಜಾರದ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಬೈಂಡಿಂಗ್ ಅಂಗಡಿ ಇದೆ. ಬೋರ್ಡು ಪೂರ್ತಿ ಮಾಸಿದೆ. ಹೊರಗಿನಿಂದ ನೋಡಿದರೆ ರದ್ದಿ ಅಂಗಡಿ ಅನಿಸುತ್ತದೆ. ಹೋದ ತಿಂಗಳು ಅಲ್ಲಿ ನಮ್ಮ ಅವ್ವನ ಸತ್ಯವೇದವನ್ನು, ಅಂದರೆ ಕನ್ನಡ ಬೈಬಲ್ಲನ್ನು, ಹೊಲಿಸಿಕೊಂಡು ಬಂದೆ. ಮನೆಯಲ್ಲಿ ಹಳೆಯ ಪುಸ್ತಕ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಪುಸ್ತಕದ ಸ್ಥಿತಿ ಹೇಳುತ್ತೇನೆ. ಅವ್ವನ ತವರು ಗುಳೇದಗುಡ್ಡ, ನೇಕಾರರ ಮನೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಕಾಲದಿಂದಲೂ ಅಲ್ಲಿಯ ಕ್ರೈಸ್ತ ಸಭೆಗೆ ಸೇರಿದವರು. 1951ರಲ್ಲಿ ಅವಳಿಗೆ ದೃಢೀಕರಣವಾದಾಗ, ಅಂದರೆ ಬೆಳೆದ ಮೇಲೆ ಸಭೆಯ ಮುಂದೆ ತನ್ನ ನಂಬಿಕೆಯನ್ನು ತಾನೇ ಒಪ್ಪಿಕೊಂಡಾಗ, ಅಜ್ಜ ಕೊಡಿಸಿದ ಪುಸ್ತಕ ಇದು. ಬೆನ್ನು ಬಿಟ್ಟುಹೋಗಿತ್ತು. ಹಳೆಯ ಒಡಂಬಡಿಕೆ ಮುಗಿಯುವ ಮಲಾಕಿಯನ ಕೊನೆ ಒಂದು ಕಡೆ, ಹೊಸ ಒಡಂಬಡಿಕೆಯ ಮೊದಲ ಪುಸ್ತಕ ಮತ್ತಾಯನ ಶುರು ಇನ್ನೊಂದು ಕಡೆ. ಕೀರ್ತನೆಗಳ ಪುಟಗಳು ಬೆರಳು ತಾಗಿ ತಾಗಿ ಮೂಲೆಯಲ್ಲಿ ಸವೆದಿದ್ದವು. ರಟ್ಟಿಗೆ ಹುಳ ಹತ್ತಿತ್ತು.

ಕೊಡಲು ನಾನು ವರ್ಷಗಟ್ಟಲೆ ಹಿಂದೆಮುಂದೆ ನೋಡಿದ್ದಕ್ಕೆ ಕಾರಣ ಇದೆ. ಬಹಳ ಹಿಂದೆ ಅಪ್ಪನ ಹಾಡಿನ ಪುಸ್ತಕವನ್ನು ಬೇರೆ ಒಂದು ಅಂಗಡಿಗೆ ಕೊಟ್ಟಿದ್ದೆ. ಅವರು ಮೂರೂ ಬದಿಯನ್ನು ಮಶಿನ್ನಿಗೆ ಹಾಕಿ ನೀಟಾಗಿ ಕತ್ತರಿಸಿ, ಬೆನ್ನಿಗೆ ಬಿಳಿ ಅಂಟು ಸುರಿದು ಕೊಟ್ಟರು. ನೋಡಲು ಹೊಸದರ ಹಾಗೆ ಇತ್ತು. ಆದರೆ ಪ್ರತಿ ಪುಟದ ಮೇಲಿನ ಸಾಲು ಅರ್ಧ ಹೋಗಿತ್ತು. ಅಪ್ಪ ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ಪುಸ್ತಕ ಇಲ್ಲದೆಯೇ ಆರಾಧನೆಗೆ ಹೋದರು.

ಅವ್ವನ ಪುಸ್ತಕದಲ್ಲಿ ಇರುವುದೆಲ್ಲಾ ಅಂಚಿನಲ್ಲೇ. ಅವಳು ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಡ್ಯೂಟಿ ಮುಗಿಸಿ ಬಂದು ಓದುತ್ತಾ ಅಂಚಿಗೆ ಸಣ್ಣಗೆ ಬರೆಯುತ್ತಿದ್ದಳು. ಹೆಸರು ಇಲ್ಲ, ಜಾತಿ ಇಲ್ಲ, ಬರೀ ಹಾಸಿಗೆ ನಂಬರು. ‘ಹಾಸಿಗೆ 14, ಹೆರಿಗೆ, ರಕ್ತ ಸಾಲದು.’ ‘ಹಾಸಿಗೆ 6, ಹುಡುಗ, ಹಾವು.’ ಕೆಲವಕ್ಕೆ ಪಕ್ಕದಲ್ಲಿ ಒಂದು ಗೀಟು ಎಳೆದಿದ್ದಾಳೆ. ಅದು ಉಳಿದವರಿಗೋ ಹೋದವರಿಗೋ, ನಾನು ಕೇಳಲೇ ಇಲ್ಲ. ಯೆಶಾಯನ 58ನೇ ಅಧ್ಯಾಯದ ಹತ್ತಿರ ‘1972, ಬರ, ಗಂಜಿ’ ಎಂದಿದೆ. ಹಸಿದವರಿಗೆ ರೊಟ್ಟಿ ಹಂಚುವುದೇ ನಿಜವಾದ ಉಪವಾಸ ಎನ್ನುವ ಅಧ್ಯಾಯ ಅದು. ಆಗ ನನಗೆ ಒಂಬತ್ತು ವರ್ಷ. ಗಂಜಿ ಕೇಂದ್ರದ ಕೆಲಸ ಮುಗಿಸಿ ರಾತ್ರಿ ಮನೆಗೆ ಬಂದವಳ ಸೀರೆಯಿಂದ ಜೋಳದ ಗಂಜಿಯ ವಾಸನೆ ಬರುತ್ತಿತ್ತು.

ಇನ್ನು ಅಂಗಡಿಯ ವಿಷಯ. ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ, ಪುಸ್ತಕವನ್ನು ಚೀಲದಿಂದ ತೆಗೆಯಲು ನನಗೆ ಅಳುಕಾಯಿತು. 2021ರ ಡಿಸೆಂಬರ್ 23ರಂದು ಮತಾಂತರ ತಡೆ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು ನಮ್ಮೂರಿನ ಸುವರ್ಣ ವಿಧಾನಸೌಧದಲ್ಲೇ. ಕ್ರಿಸ್ಮಸ್‌ಗೆ ಎರಡೇ ದಿನ ಇತ್ತು. ಆ ವಾರ ನಾನು ಸಿಟಿ ಬಸ್ಸಿನಲ್ಲಿ ಸತ್ಯವೇದಕ್ಕೆ ಪೇಪರ್ ಸುತ್ತಿಕೊಂಡು ಹೋದೆ. ಯಾರೂ ನನಗೆ ಏನೂ ಮಾಡಿರಲಿಲ್ಲ. ಆದರೂ ಸುತ್ತಿಕೊಂಡೆ. ಶಾಲೆಯಲ್ಲಿ ಮಕ್ಕಳಿಗೆ ಸಂವಿಧಾನದ ಪೀಠಿಕೆ ಬಾಯಿಪಾಠ ಮಾಡಿಸಿದವಳು ನಾನು. ಧರ್ಮ ಸ್ವಾತಂತ್ರ್ಯ ಕೊಡುವ 25ನೇ ವಿಧಿಯಲ್ಲಿ ಏನಿದೆ ಅಂತ ನನಗೆ ಗೊತ್ತು. ಆ ಪೇಪರ್ ಸುತ್ತಿದ್ದು ಈಗಲೂ ನನ್ನನ್ನು ಚುಚ್ಚುತ್ತದೆ.

ಬೈಂಡರಿಗೆ ಅರವತ್ತರ ಮೇಲೆ ವಯಸ್ಸು ಇರಬಹುದು. ಕೈಯಲ್ಲಿ ಅಂಟು ಇತ್ತು. ಪುಸ್ತಕ ನೋಡಿದ ಕೂಡಲೇ ಎದ್ದು ಕೈ ತೊಳೆದು, ಒರೆಸಿಕೊಂಡು ಬಂದರು. ಅವಸರ ಮಾಡದೆ ಪುಟ ತಿರುವುತ್ತಾ ಹೋದರು. ಐದು ನಿಮಿಷ ಏನೂ ಮಾತಿಲ್ಲ. ಆಮೇಲೆ ಹೇಳಿದರು: “ಅಕ್ಕಾರ, ಇದಕ್ಕ ಕಟಿಂಗ್ ಬ್ಯಾಡ್ರಿ. ಅಂಚಿನ್ಯಾಗ ಬರದದ್ದೆಲ್ಲಾ ಹೋಗ್ತೈತಿ. ಬದಿ ಸ್ವಲ್ಪ ಒರಟ ಕಾಣ್ತೈತಿ, ನಡೀತೈತೇನ್ರಿ?” ನಾನು ಕೇಳಬೇಕೆಂದು ಮನೆಯಿಂದ ನೆನಪಿಟ್ಟುಕೊಂಡು ಹೋಗಿದ್ದ ಮಾತನ್ನು ಅವರೇ ಹೇಳಿದರು. ನನಗೆ ಅಳು ಬಂತು.

ಕೆಲಸ ಮಾತ್ರ ಬಹಳ ಚೆನ್ನಾಗಿದೆ. ಫಾರಂ ಫಾರಂ (ಒಟ್ಟಿಗೆ ಮಡಿಸಿದ ಹಾಳೆಗಳ ಕಟ್ಟು) ಬಿಡಿಸಿ, ಹಳೆಯ ಅಂಟು ಕೆರೆದು, ದಾರದಿಂದ ಕೈಹೊಲಿಗೆ ಹಾಕಿದ್ದಾರೆ. ಮೈದಾ ಅಂಟಿಗೆ ಹುಳ ಹತ್ತದಂತೆ ಮೈಲುತುತ್ತ ಬೆರೆಸುತ್ತಾರೆ. ಹರಿದ ಪುಟಗಳಿಗೆ ತೆಳು ಕಾಗದ ಅಂಟಿಸಿದ್ದಾರೆ, ಅದರ ಮೂಲಕವೂ ಅಕ್ಷರ ಓದಬಹುದು. ಹೊಸ ರಟ್ಟು, ಕಪ್ಪು ರೆಕ್ಸಿನ್. ನಾನು ಕೇಳದೆಯೇ ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ ಸೇರಿಸಿದ್ದಾರೆ. ಒಟ್ಟು 650 ರೂಪಾಯಿ ತೆಗೆದುಕೊಂಡರು, 200 ಮುಂಗಡ. ಈ ಕೆಲಸಕ್ಕೆ ಜಾಸ್ತಿ ಅಲ್ಲ.

ಕೊರತೆಗಳೂ ಇವೆ. ಎಂಟು ದಿನ ಅಂದದ್ದು ಹನ್ನೆರಡಾಯಿತು, ಫೋನ್ ಮಾಡಿ ತಿಳಿಸಲಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತಾರೆ, ನಾನು ಬಿಸಿಲಲ್ಲಿ ಸುಮ್ನೆ ತಿರುಗಿ ಬಂದೆ. ಬೆನ್ನಿನ ಮೇಲಿನ ಬಂಗಾರದ ಬಣ್ಣದ ಅಕ್ಷರದಲ್ಲಿ ‘ಸತ್ಯ’ದ ಯ-ಒತ್ತು ಬಿಟ್ಟುಹೋಗಿತ್ತು. ತೋರಿಸಿದಾಗ ಬೇಸರಪಟ್ಟುಕೊಂಡು ಹೊಸ ಪಟ್ಟಿ ಹಾಕಿಕೊಟ್ಟರು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಪುಸ್ತಕ ಇನ್ನೂ ಬಿಗಿಯಾಗಿದೆ, ಮೇಜಿನ ಮೇಲೆ ಪೂರ್ತಿ ತೆರೆದು ಮಲಗುವುದಿಲ್ಲ.

ಮನೆಗೆ ತಂದ ದಿನ ಎಲ್ಲರೂ ಸೇರಿದ್ದೆವು. ನಮ್ಮ ಮನೆಯನ್ನು ನೋಡಿದರೆ ಕ್ರೈಸ್ತರು ಅಂದರೆ ಒಂದೇ ಥರದವರು ಅಂತ ಯಾರೂ ಹೇಳಲಾರರು. ಅವ್ವ ಬಾಸೆಲ್ ಮಿಶನ್. ಅಪ್ಪನ ಕಡೆಯವರು ಮೆಥೊಡಿಸ್ಟರು. 1820ರಲ್ಲಿ ಜೋಸೆಫ್ ಟೇಲರ್ ಬೆಳಗಾವಿಯಲ್ಲಿ ಲಂಡನ್ ಮಿಶನ್ ಕೆಲಸ ಶುರುಮಾಡಿದರು, ಮುಂದೆ ಅದು ಮೆಥೊಡಿಸ್ಟರ ಕೈಗೆ ಬಂತು. ಅದೇ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಸತ್ಯವೇದವನ್ನು ಕನ್ನಡಕ್ಕೆ ತಂದವರು. ಸೊಸೆ ಖಾನಾಪುರದ ಕಡೆಯ ಕಥೋಲಿಕ ಹುಡುಗಿ, ಪ್ರಾರ್ಥನೆ ಕೊಂಕಣಿಯಲ್ಲಿ. ತಮ್ಮ ಪೆಂತೆಕೋಸ್ತ್ ಸಭೆಗೆ ಹೋಗುತ್ತಾನೆ.

ಸೊಸೆ ತನ್ನ ಬೈಬಲ್ ತಂದು ಪಕ್ಕದಲ್ಲಿಟ್ಟಳು. ನಮ್ಮದರಲ್ಲಿ 66 ಪುಸ್ತಕ, ಅವಳದರಲ್ಲಿ 73. ತೋಬಿತನ ಕಥೆ ನಮ್ಮದರಲ್ಲಿ ಇಲ್ಲವೇ ಇಲ್ಲ. ನಾವು ‘ಯೆಹೋವ’ ಎಂದು ಓದುವ ಕಡೆ ಅವಳು ‘ಸರ್ವೇಶ್ವರ’ ಎಂದು ಓದುತ್ತಾಳೆ. ಕೂಸಿಗೆ ನೀರು ಹಾಕಿ ಸಭೆಗೆ ಸೇರಿಸುವ ಸಂಸ್ಕಾರ ನಮಗೆ ದೀಕ್ಷಾಸ್ನಾನ, ಅವಳ ಮನೆಯವರಿಗೆ ಜ್ಞಾನಸ್ನಾನ. ತಮ್ಮನಿಗೆ ಎರಡೂ ಒಪ್ಪಿಗೆ ಇಲ್ಲ. ಕೂಸಿಗೆ ಏನು ಗೊತ್ತಾಗುತ್ತದೆ, ದೊಡ್ಡವನಾಗಿ ನಂಬಿದ ಮೇಲೆ ನೀರಿನಲ್ಲಿ ಮುಳುಗಬೇಕು ಅನ್ನುತ್ತಾನೆ.

ಅವನಿಗೂ ನನಗೂ ಇನ್ನೊಂದು ಹಳೆಯ ವಾದ ಇದೆ. ಸರಕಾರಿ ಶಾಲೆಯಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕಲಿಸಿದೆ, ತರಗತಿಯಲ್ಲಿ ಒಮ್ಮೆಯೂ ಯೇಸುವಿನ ಹೆಸರು ಎತ್ತಲಿಲ್ಲ. ಸಂಬಳ ಎಲ್ಲರ ತೆರಿಗೆಯದು, ಮಕ್ಕಳು ಎಲ್ಲರ ಮನೆಯವರು. ಹಾಜರಿ ಪುಸ್ತಕ ತೆರೆದಾಗ ಒಂದೊಂದು ಹೆಸರಿಗೂ ಮನಸ್ಸಿನಲ್ಲೇ ಪ್ರಾರ್ಥಿಸುತ್ತಿದ್ದೆ, ಅಷ್ಟೇ. ತಮ್ಮ ಇದನ್ನು ಬಚ್ಚಿಟ್ಟುಕೊಳ್ಳುವುದು ಅನ್ನುತ್ತಾನೆ. ಮತ್ತಾಯನ ಕೊನೆಯ ಅಧ್ಯಾಯ ತೋರಿಸುತ್ತಾನೆ, ಹೋಗಿ ಸಾರಿರಿ ಅಂತ. ನಾನು ಅದೇ ಮತ್ತಾಯನ 6ನೇ ಅಧ್ಯಾಯ ತೋರಿಸುತ್ತೇನೆ, ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಅಂತ. ಅವನ ಮಾತಿನಲ್ಲಿ ಸತ್ಯ ಇಲ್ಲ ಅನ್ನಲಾರೆ. ಬಸ್ಸಿನಲ್ಲಿ ಪೇಪರ್ ಸುತ್ತಿದ್ದು ಬಚ್ಚಿಟ್ಟದ್ದೇ. ಆದರೆ ತರಗತಿಯಲ್ಲಿ ನಾನು ಬಚ್ಚಿಡಲಿಲ್ಲ. ಅವ್ವನ ಹಾಗೆ ಅಂಚಿನಲ್ಲಿ ಬರೆದುಕೊಂಡೆ.

ಆ ದಿನ ತಮ್ಮ ವಾದ ಮಾಡಲಿಲ್ಲ. ‘ಹಾಸಿಗೆ 14’ರ ಪುಟ ತೆಗೆದು ಬಹಳ ಹೊತ್ತು ನೋಡುತ್ತಾ ಕೂತ. ಆಮೇಲೆ ಸೊಸೆ ಕೊನೆಯ ಖಾಲಿ ಹಾಳೆ ತೆರೆದು, ಅಲ್ಲಿ ಮೊಮ್ಮಗನ ಜ್ಞಾನಸ್ನಾನದ ತಾರೀಖು ಬರೆಯಬಹುದಾ ಅತ್ತೆ ಎಂದು ಕೇಳಿದಳು. ಕ್ಯಾಂಪಿನ ಫಾತಿಮಾ ಕೆಥೆಡ್ರಲ್‌ನಲ್ಲಿ ಆಗಲಿದೆ. ಬರಿ ಅಂದೆ. ತಮ್ಮ ಪೆನ್ನು ಕೊಟ್ಟ.

ಹೋಗುವವರಿಗೆ ಒಂದು ಸೂಚನೆ: ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ, ಬೆನ್ನಿನ ಮೇಲೆ ಏನು ಬರೆಯಬೇಕೋ ಅದನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಡಿ. ಸೊಸೆಯ ಬೈಬಲ್‌ನ ಬೆನ್ನೂ ಸಡಿಲಾಗಿದೆ. ಮೊನ್ನೆ ಅದನ್ನು ಅಲ್ಲಿಗೇ ಕೊಟ್ಟು ಬಂದೆವು. ಈ ಸಲ ಪೇಪರ್ ಸುತ್ತಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಹೋದೆವು. ಗುರುವಾರ ಬನ್ನಿ ಅಂದಿದ್ದಾರೆ. ಸೋಮವಾರದ ತನಕ ಆಗಬಹುದು.