ಅಷ್ಟಪ್ರಧಾನರ ಪಾಠಕ್ಕೆ ಬಾಲಭಾರತಿಯೋ, ಎನ್‌ಸಿಇಆರ್‌ಟಿಯೋ?

ಮುಂಬೈಯ ಕನ್ನಡ ಮಾಧ್ಯಮದ ಮಕ್ಕಳಿಗೆ ಶಿವಾಜಿ ಮಹಾರಾಜರ ಆಡಳಿತ ಕಲಿಸಲು ಒಂದೇ ಪುಸ್ತಕ ತರುವುದಾದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಏಳನೇ ತರಗತಿಯ ಇತಿಹಾಸ ತನ್ನಿ. ಅದು ಕನ್ನಡದಲ್ಲೇ ಸಿಗುತ್ತದೆ, ಕೇಂದ್ರದ ಎನ್‌ಸಿಇಆರ್‌ಟಿಯದು ಸಿಗುವುದಿಲ್ಲ. ಎಂಟನೇ ಪಾಠದ ಶೀರ್ಷಿಕೆಯೇ ಅವರನ್ನು ಆದರ್ಶ ರಾಜ ಎಂದು ತೀರ್ಮಾನಿಸಿಬಿಡುತ್ತದೆ ಎಂಬುದೊಂದು ಕೊರತೆ, ನಿಜ. ಆದರೂ ನನ್ನ ಮತ ಅದಕ್ಕೇ.

ಕೋಟೆ, ನೌಕಾಪಡೆಗಳ ಬಗ್ಗೆ ಎರಡರಲ್ಲೂ ತಕರಾರಿಲ್ಲ.

ತೊಡಕಿರುವುದು ವತನದಾರರ, ಅಂದರೆ ದೇಶಮುಖರಂತೆ ವಂಶಪಾರಂಪರ್ಯವಾಗಿ ಹುದ್ದೆ, ಹಕ್ಕು ಅನುಭವಿಸುವವರ ವಿಷಯದಲ್ಲಿ. ಎನ್‌ಸಿಇಆರ್‌ಟಿಯ ಹಳೆಯ ಏಳನೇ ತರಗತಿಯ ಪುಸ್ತಕ, ಬಲಾಢ್ಯ ದೇಶಮುಖ ಮನೆತನಗಳ ಬೆಂಬಲದಿಂದ ರಾಜ್ಯ ಕಟ್ಟಿದರು ಎನ್ನುತ್ತದೆ. 2025ರ ಹೊಸ ಎಂಟನೇ ತರಗತಿಯ ಪುಸ್ತಕ, ವಂಶಪಾರಂಪರ್ಯದ ಹುದ್ದೆಗಳನ್ನೇ ತೆಗೆದುಹಾಕಿ ಬೊಕ್ಕಸದಿಂದ ಸಂಬಳ ಕೊಟ್ಟರು ಎನ್ನುತ್ತದೆ. ಎರಡನ್ನೂ ಓದಿದ ಹುಡುಗ ‘ಯಾವುದು ಸರಿ ಸರ್?’ ಎಂದೇ ಕೇಳುತ್ತಾನೆ. ಎರಡೂ ಅರ್ಧರ್ಧ ಸರಿ. ದೇಶಮುಖರು ಕಂದಾಯ ಎತ್ತುತ್ತಿದ್ದರು, ಸ್ವಂತ ಕೋಟೆ ಕಟ್ಟಿ ಆಳುಕಾಳು ಸಾಕುತ್ತಿದ್ದರು. ಮಹಾರಾಜರು ಅವರ ಹಕ್ಕನ್ನು ಬುಡಸಮೇತ ಕೀಳಲಿಲ್ಲ. ಕೋಟೆಗಳನ್ನು ಕೆಡವಿಸಿದರು, ಅವರಿಗೆ ಸಲ್ಲುವ ಪಾಲನ್ನು ಗೊತ್ತುಮಾಡಿ ವಸೂಲಿಯನ್ನು ಸರಕಾರಿ ನೌಕರರ ಕೈಗೆ ಕೊಟ್ಟರು. ಮೇಲಿನ ಹಂತದಲ್ಲಿ, ಅಷ್ಟಪ್ರಧಾನರೆಂಬ ಎಂಟು ಮಂದಿ ಮಂತ್ರಿಗಳಿಗೂ ಜಹಗೀರಿನ ಬದಲು ಸಂಬಳವೇ: ಪೇಶ್ವೆಗೆ ವರ್ಷಕ್ಕೆ 15,000 ಹೊನ್ನು, ಅಮಾತ್ಯನಿಗೆ 12,000, ಉಳಿದ ಪ್ರಧಾನರಿಗೆ 10,000.

ಇನ್ನು, ಪಾಠ ಯಾವ ಇಸವಿಗೆ ನಿಲ್ಲುತ್ತದೆ ಎಂಬುದನ್ನು ನೋಡಿ. ಮಹಾರಾಜರು ತೀರಿಕೊಂಡ 1680ಕ್ಕೆ ನಿಂತರೆ ಈ ಸುಧಾರಣೆಗೆ ನೂರಕ್ಕೆ ನೂರು ಅಂಕ. 1689ರಲ್ಲಿ ಸಂಭಾಜಿ ಮಹಾರಾಜರ ಹತ್ಯೆಯಾಯಿತು, ಅವರ ತಮ್ಮ ರಾಜಾರಾಮ ತಮಿಳುನಾಡಿನ ಜಿಂಜಿ ಕೋಟೆಗೆ ಓಡಬೇಕಾಯಿತು. ದಾರಿಯಲ್ಲಿ ಆಶ್ರಯ ಕೊಟ್ಟವಳು ಕೆಳದಿ ಚೆನ್ನಮ್ಮ. ನಮ್ಮ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ಪಾಠ ಹತ್ತಿರವಾಗುತ್ತದೆ. ಬೊಕ್ಕಸ ಬರಿದು, ಔರಂಗಜೇಬ ಮರಾಠಾ ಸರದಾರರಿಗೆ ಜಹಗೀರಿನ ಆಸೆ ತೋರಿಸುತ್ತಿದ್ದಾನೆ. ರಾಜಾರಾಮನಿಗೂ ವತನ, ಜಹಗೀರು ಕೊಡದೆ ಗತಿಯಿರಲಿಲ್ಲ. ತಂದೆ ಮುಚ್ಚಿದ ಬಾಗಿಲನ್ನು ಮಗನೇ ತೆರೆದ. ಹಾಗಾದರೆ ಸುಧಾರಣೆ ಸೋತಿತೇ, ಯುದ್ಧ ಅದನ್ನು ಸೋಲಿಸಿತೇ? ಎರಡನೆಯದೇ ಎಂಬುದು ನನ್ನ ಅಭಿಪ್ರಾಯ.

ಬಾಲಭಾರತಿ ಗೆಲ್ಲುವುದು ಇಲ್ಲಿ. ಆಡಳಿತ ಏಳನೇ ಪಾಠ, ರಾಜಾರಾಮನ ಹೋರಾಟ ಒಂಬತ್ತನೇ ಪಾಠ, ಎರಡೂ ಒಂದೇ ಪುಸ್ತಕದಲ್ಲಿ. ಏಳು ಮುಗಿಸಿ ಎಂಟನ್ನು ಬಿಡಿ, ಒಂಬತ್ತು ಓದಿಸಿ. ಆಮೇಲೆ ಎಂಟಕ್ಕೆ ಬನ್ನಿ. ಹೊಗಳಿಕೆಯನ್ನು ಮಕ್ಕಳು ಆಗ ತೂಗಿ ನೋಡುತ್ತಾರೆ.

ಮುಂದೆ ಯುಪಿಎಸ್‌ಸಿ ಬರೆಯುವವರಿಗೆ ಎನ್‌ಸಿಇಆರ್‌ಟಿ ತಪ್ಪಿದ್ದಲ್ಲ.

ಖರ್ಚಿನ ಮಾತು: ಅಂಗಡಿಗಳಲ್ಲಿ ಮರಾಠಿ ಪ್ರತಿ ಸಿಕ್ಕಷ್ಟು ಸಲೀಸಾಗಿ ಕನ್ನಡದ್ದು ಸಿಗುವುದಿಲ್ಲ. ಎರಡೂ ಸಂಸ್ಥೆಗಳ ಪಿಡಿಎಫ್ ಪುಕ್ಕಟೆ. ಬೇಕಾದ ಪಾಠಗಳನ್ನಷ್ಟೇ ಕಪ್ಪುಬಿಳುಪಿನಲ್ಲಿ ಎರಡೂ ಬದಿ ಜೆರಾಕ್ಸ್ ಮಾಡಿಸಿ. ಹೊಸ ಎನ್‌ಸಿಇಆರ್‌ಟಿಯ ಮರಾಠಾ ಭೂಪಟಕ್ಕೆ ಮಾತ್ರ ಕಲರ್ ಪ್ರಿಂಟಿನ ದುಡ್ಡು ಸುರಿಯಬೇಡಿ. ಜೈಸಲ್ಮೇರನ್ನು ಮರಾಠರ ಪಾಲಿಗೆ ಸೇರಿಸಿ ಅದು 2025ರಲ್ಲಿ ವಿವಾದಕ್ಕೆ ಸಿಕ್ಕಿತ್ತು.