ರೂಗರ್ ನಂಬರ್ 1, ಕ್ಯಾಲಿಬರ್ 7×57: ವರ್ಷಗಟ್ಟಲೆ ಬಳಸಿದ್ಮೇಲೆ ನನ್ನ ಅನುಭವ

ಸಿಂಗಲ್ ಶಾಟ್ ರೈಫಲ್, ಅಂದ್ರೆ ಒಂದು ಸಲಕ್ಕೆ ಒಂದೇ ತೋಟಾ ಹಿಡಿಯೋ ರೈಫಲ್, ತಗೋಬೇಕು ಅಂತ ಇರೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ರೂಗರ್ ನಂಬರ್ 1 ಗೆ, ಅದ್ರಲ್ಲೂ 22 ಇಂಚು ಬ್ಯಾರಲ್ ಇರೋ 1-ಎ ಮಾಡೆಲ್‌ಗೆ, ಕ್ಯಾಲಿಬರ್ 7×57 ಮೌಸರ್ (7 ಮಿ.ಮೀ. ಗುಂಡು, 57 ಮಿ.ಮೀ. ಉದ್ದದ ತೋಟಾ ಕವಚ). ನಾನಿರೋದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಬೇಟೆ ಅಂದ್ರೆ ಇಲ್ಲಿ ವೈಟ್‌ಟೇಲ್ ಜಿಂಕೆ, ಪ್ರತಿ ಸೀಸನ್ ಇದೇ ರೈಫಲ್ ತಗೊಂಡು ಕಾಡಿಗೆ ಹೋಗ್ತಾ ವರ್ಷಗಳೇ ಆಯ್ತು, ಇನ್ನೊಂದು ತಗೋಬೇಕು ಅಂತ ಮನಸ್ಸಿಗೇ ಬಂದಿಲ್ಲ.

ನಾನು ಕೊಡಗಿನವನು. ನಮ್ಮ ಕಡೆ ಕೋವಿ ಅಂದ್ರೆ ಮನೆ ದೇವ್ರಷ್ಟೇ ಮರ್ಯಾದೆ, ಕೈಲ್‌ಪೊಳ್ದ್ ಅನ್ನೋ ಆಯುಧ ಪೂಜೆ ಹಬ್ಬದ ದಿನ ಅದನ್ನ ಒರೆಸಿ ಎಣ್ಣೆ ಹಾಕಿ ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡೋದು, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡಿಯೋದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ಇರೋ ವಿನಾಯಿತಿ 2029 ರ ತನಕ ಮುಂದುವರಿದಿದೆ ಅನ್ನೋದು ಊರಲ್ಲಿ ಎಲ್ರಿಗೂ ಗೊತ್ತು. ಆದ್ರೆ 1972 ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಅಲ್ಲಿ ಶಿಕಾರಿ ಮುಗೀತು, ಮುಗಿಬೇಕಾಗಿದ್ದೇ ಅದು, ಅದ್ರಲ್ಲಿ ನನಗೆ ಎರಡು ಮಾತಿಲ್ಲ. ನಮ್ಮಜ್ಜನ ಹತ್ರ ಇದ್ದದ್ದು ಸಿಂಗಲ್ ಬ್ಯಾರಲ್ 12 ಬೋರ್, ಒಂದು ತೋಟಾ ಹಾಕಿದ್ರೆ ಒಂದೇ ಈಡು. ಅದನ್ನ ನೋಡ್ಕೊಂಡೇ ಬೆಳೆದಿದ್ದಕ್ಕೋ ಏನೋ ಹಲವು ತೋಟಾ ಒಟ್ಟಿಗೆ ತುಂಬೋ ಮ್ಯಾಗಜಿನ್ ರೈಫಲ್ ಯಾವತ್ತೂ ನನಗೆ ಹಿಡಿಸಲಿಲ್ಲ.

ನಂಬರ್ 1 ಮಾರ್ಕೆಟ್‌ಗೆ ಬಂದಿದ್ದು 1967 ರಲ್ಲಿ. ಆಗ ಎಲ್ಲಾರೂ ಬೋಲ್ಟ್ ಆಕ್ಷನ್, ಅಂದ್ರೆ ಪಕ್ಕದ ಹಿಡಿ ಹಿಂದೆ ಮುಂದೆ ಎಳೆದು ತೋಟಾ ಹಾಕೋ ರೈಫಲ್, ಹಿಂದೆ ಬಿದ್ದಿದ್ರು, ಸಿಂಗಲ್ ಶಾಟ್ ಕಾಲ ಮುಗೀತು ಅನ್ನೋ ಹೊತ್ತಲ್ಲಿ ರೂಗರ್ ಕಂಪನಿ ಕಟ್ಟಿದ ಬಿಲ್ ರೂಗರ್ ಇದನ್ನ ತಂದ್ರು. 1872 ರಲ್ಲಿ ಸ್ಕಾಟ್ಲೆಂಡ್‌ನ ಜಾನ್ ಫರ್ಕರ್ಸನ್ ಪೇಟೆಂಟ್ ಮಾಡ್ಸಿದ ಫಾಲಿಂಗ್ ಬ್ಲಾಕ್ ಆಕ್ಷನ್ನೇ ಇದಕ್ಕೆ ಸ್ಫೂರ್ತಿ. ಟ್ರಿಗರ್ ಗಾರ್ಡ್ ಕೆಳಗಿನ ಲಿವರ್ ಒತ್ತಿ ಇಳಿಸಿದ್ರೆ ಒಂದು ಗಟ್ಟಿ ಉಕ್ಕಿನ ಬ್ಲಾಕ್ ನೇರ ಕೆಳಗೆ ಜಾರುತ್ತೆ, ಬ್ಯಾರಲ್‌ನ ಹಿಂಬದಿ ಬಾಯಿ ಪೂರ್ತಿ ಕಾಣುತ್ತೆ, ತೋಟಾನ ಹೆಬ್ಬೆಟ್ಟಲ್ಲಿ ಒಳಗೆ ತಳ್ತೀರಿ, ಅದು ಕೂತಿದ್ದು ಬೆರಳಿಗೇ ಗೊತ್ತಾಗುತ್ತೆ, ಲಿವರ್ ಮೇಲೆತ್ತಿದ್ರೆ ಬ್ಲಾಕ್ ಎದ್ದು ಮುಚ್ಕೊಳುತ್ತೆ. ಬೆಳಗಿನ ಜಾವದ ಚಳೀಲಿ ಗ್ಲೌಸ್ ಹಾಕ್ಕೊಂಡೇ ಇಷ್ಟನ್ನೂ ಸದ್ದಿಲ್ದೆ ಮಾಡಬಹುದು, ಲಿವರ್ ಕೊನೇಲಿ ಕಚ್ಕೊಳೋವಾಗ ಮಾತ್ರ ಸ್ವಲ್ಪ ಕೈ ಅಡ್ಡ ಇಡ್ಬೇಕು. ಎಜೆಕ್ಟರ್ ಸ್ಪ್ರಿಂಗ್ ಜೋರು, ಖಾಲಿ ತೋಟಾನ ಹಿಂದಕ್ಕೆ ಹಾರಿಸುತ್ತೆ, ಆದ್ರೆ ಅದನ್ನ ಅಡ್ಜಸ್ಟ್ ಮಾಡಿ ಬರೀ ಹೊರಗೆ ಬರೋ ಹಾಗೂ ಇಟ್ಕೋಬಹುದು. ನಾನು ಖಾಲಿ ತೋಟಾಕ್ಕೆ ಮತ್ತೆ ಮದ್ದು, ಗುಂಡು ತುಂಬಿ ರೀಲೋಡ್ ಮಾಡೋನು, ಆ ಹಿತ್ತಾಳೆ ಕವಚ ಎಲೆಗಳ ಮಧ್ಯೆ ಕಳ್ದು ಹೋಗ್ಬಾರ್ದು, ಅದಕ್ಕೇ ಹಾಗೆ ಇಟ್ಟಿದೀನಿ.

ನಾನು ಎಡಗೈಯವನು. ಎಡಗೈಯವರಿಗೆ ಬೋಲ್ಟ್ ಆಕ್ಷನ್ ಹುಡ್ಕೋದು ಎಂಥಾ ತಲೆನೋವು ಅಂತ ಅನುಭವಿಸಿದೋರಿಗೇ ಗೊತ್ತು, ಸಿಕ್ಕೋ ಮಾಡೆಲ್ಲೇ ಕಮ್ಮಿ, ಅದ್ರಲ್ಲಿ ಬೇಕಾದ ಕ್ಯಾಲಿಬರ್ ಇರಲ್ಲ. ಇದ್ರಲ್ಲಿ ಲಿವರ್ ಮಧ್ಯದಲ್ಲಿ, ಸೇಫ್ಟಿ ಶಾಟ್‌ಗನ್ ಥರ ಹೆಬ್ಬೆಟ್ಟಿನ ಕೆಳಗೆ, ಎಡ ಬಲ ಅನ್ನೋ ಭೇದಾನೇ ಇಲ್ಲ. ಉದ್ದನೂ ಅಷ್ಟೇ, ಹಿಂದೆ ಬೋಲ್ಟ್ ಓಡಾಡೋ ಜಾಗ ಬೇಡ ಆದ್ರಿಂದ ಅದೇ ಉದ್ದದ ಬ್ಯಾರಲ್ ಇರೋ ಬೋಲ್ಟ್ ರೈಫಲ್‌ಗಿಂತ ಸುಮಾರು ನಾಲ್ಕು ಇಂಚು ಗಿಡ್ಡ, ಇಲ್ಲಿನ ಮೌಂಟನ್ ಲಾರೆಲ್ ಪೊದೆ ಒಳಗೆ ನುಗ್ಗೋವಾಗ ಆ ನಾಲ್ಕು ಇಂಚಿನ ಬೆಲೆ ಗೊತ್ತಾಗುತ್ತೆ. ಬೇಲಿ ದಾಟೋವಾಗ, ಮರದ ಅಟ್ಟ ಹತ್ತೋವಾಗ ಲಿವರ್ ಇಳಿಸಿ ತೋಟಾ ತೆಗೆದಿಟ್ರೆ ಸಾಕು, ಖಾಲಿ ಇದೆ ಅಂತ ನನಗೂ ಕಾಣುತ್ತೆ, ಜೊತೇಲಿರೋರಿಗೂ ದೂರದಿಂದಲೇ ಕಾಣುತ್ತೆ. ನನ್ನ ಮಗಳು ಜೊತೆಗೆ ಬರೋಕೆ ಶುರು ಮಾಡಿದ್ಮೇಲೆ ನನಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಕಾಣ್ಲಿಲ್ಲ.

ಈಗ ಕ್ಯಾಲಿಬರ್ ವಿಷ್ಯ, ಇಲ್ಲೇ ಎಲ್ರೂ ಜಗಳ ಆಡೋದು. ರೇಂಜ್‌ನಲ್ಲಿ ಪರಿಚಯದೋರು .300 ವಿನ್‌ಚೆಸ್ಟರ್ ಮ್ಯಾಗ್ನಮ್ ತಗೋ, ಒಂದೇ ಗುಂಡು ತಾನೇ, ಜೋರಾಗಿರೋದೇ ಇರ್ಲಿ ಅಂದ್ರು. ನನಗೆ ಅದು ಒಪ್ಪಿಗೆ ಆಗ್ಲಿಲ್ಲ. ಒಂದೇ ಗುಂಡು ಇರೋದ್ರಿಂದ್ಲೇ ಅದು ಹೇಳಿದ ಜಾಗಕ್ಕೆ ಬೀಳ್ಬೇಕು, ಭುಜಕ್ಕೆ ಒದೆಯೋ ರೈಫಲ್ ಇಟ್ಕೊಂಡು ಕಣ್ಣು ಮುಚ್ಚಿ ಟ್ರಿಗರ್ ಎಳೆಯೋ ಅಭ್ಯಾಸ ಒಮ್ಮೆ ಬಂದ್ರೆ ಹೋಗೋದು ಕಷ್ಟ. 7×57 ರ ಒದೆತ ಆ ಮ್ಯಾಗ್ನಮ್‌ನ ಹೆಚ್ಚೂ ಕಮ್ಮಿ ಅರ್ಧ. ಇದು 1890 ರ ದಶಕದಲ್ಲಿ ಜರ್ಮನಿಯ ಮೌಸರ್ ಕಂಪನಿ ಮಾಡಿದ ಮಿಲಿಟರಿ ತೋಟಾ, ಸ್ಪೇನ್ ಸೇನೆ 1893 ರ ಮೌಸರ್‌ನಲ್ಲಿ ಇದನ್ನ ತಗೊಳ್ತು, 1898 ರಲ್ಲಿ ಸ್ಪೇನ್ ಜೊತೆಗಿನ ಯುದ್ಧದಲ್ಲಿ ಕ್ಯೂಬಾದ ಸಾನ್ ಹುವಾನ್ ಗುಡ್ಡದಲ್ಲಿ ಇದ್ರ ಏಟು ತಿಂದ್ಮೇಲೇ ಅಮೆರಿಕನ್ನರು ತಮ್ಮ ರೈಫಲ್ ಬದಲಾಯಿಸೋ ಯೋಚ್ನೆ ಮಾಡಿದ್ದು. ಬ್ರಿಟಿಷರು ಇದನ್ನೇ .275 ರಿಗ್ಬಿ ಅಂತ ಕರೆದ್ರು. ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿನ 1907 ರಲ್ಲಿ ಕೊಂದಿದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಸನ್ಮಾನವಾಗಿ ಕೊಟ್ರಲ್ಲ, ಆ ರೈಫಲ್ ಕೂಡ .275 ರಿಗ್ಬಿನೇ. ತೆಳ್ಳಗೆ ಉದ್ದಕ್ಕೆ ಇರೋ ಗುಂಡು, ವೇಗ ಮಧ್ಯಮ, ಆದ್ರೆ ಒಳಗೆ ಇಳಿಯೋದ್ರಲ್ಲಿ ಇದಕ್ಕೆ ಸಾಟಿ ಕಮ್ಮಿ.

ಅಂಗಡೀಲಿ ಸಿಕ್ಕೋ 140 ಗ್ರೇನ್ (ಗ್ರೇನ್ ಅಂದ್ರೆ ಗುಂಡಿನ ತೂಕದ ಅಳತೆ) ತೋಟಾ ಸೆಕೆಂಡಿಗೆ ಸುಮಾರು 2,660 ಅಡಿ ಹೋಗುತ್ತೆ. ನಾನು 100 ಗಜದಲ್ಲಿ ಎರಡು ಇಂಚು ಮೇಲೆ ಬೀಳೋ ಹಾಗೆ ಸ್ಕೋಪ್ ಸೆಟ್ ಮಾಡಿದೀನಿ, 200 ಗಜದ ತನಕ ತಲೆ ಕೆಡಿಸ್ಕೊಳೋ ಹಾಗಿಲ್ಲ, ನಮ್ಮ ಕಾಡಲ್ಲಿ ಅಷ್ಟು ದೂರ ಕಾಣೋದೇ ಅಪರೂಪ. ಹಳೇ ಕಾಲದ ಮೌಸರ್‌ಗಳು ಇನ್ನೂ ಬಳಕೇಲಿ ಇರೋದ್ರಿಂದ ಅಮೆರಿಕದ ಕಂಪನಿಗಳು ಪ್ರೆಷರ್ ಕಮ್ಮಿ ಇಟ್ಟು ಮಾಡ್ತಾರೆ, ಯುರೋಪಿನ ತೋಟಾ ಸ್ವಲ್ಪ ಜೋರು. ಈಚೆಗೆ ನಾನು ಸೀಸ ಬಿಟ್ಟು 120 ಗ್ರೇನ್ ತಾಮ್ರದ ಗುಂಡಿಗೆ ಬಂದಿದೀನಿ, ಮನೇಲಿ ಮಕ್ಕಳು ತಿನ್ನೋ ಮಾಂಸ, ಸೀಸದ ಚೂರು ಸೇರೋದು ಬೇಡ ಅಂತ.

ಕಳೆದ ಸೀಸನ್ನಿನ ಒಂದು ಬೆಳಿಗ್ಗೆ ಹೇಳ್ತೀನಿ. ಹೆಮ್ಲಾಕ್ ಮರಗಳ ಇಳಿಜಾರು, ನೆಲದ ಮೇಲೆ ತೆಳ್ಳನೆ ಹಿಮ, ನಾನು ಒಂದು ಬಿದ್ದ ದಿಮ್ಮಿಗೆ ಒರಗಿ ಕೂತಿದ್ದೆ. ಗಂಡು ಜಿಂಕೆ ಬಂತು, ಒಳ್ಳೇ ಕೊಂಬು, ಎಪ್ಪತ್ತು ಗಜ ಇರ್ಬೇಕು, ಆದ್ರೆ ಎದೆ ಮುಂದೆ ಒಂದು ಬೀಚ್ ಮರದ ಕೊಂಬೆ ಅಡ್ಡ. ಅದು ನಿಂತೇ ಇತ್ತು, ಕಿವಿ ಒಂದು ಈ ಕಡೆ ಒಂದು ಆ ಕಡೆ, ಮೂಗಿಂದ ಹೊಗೆ ಹೊಗೆ ಉಸಿರು. ಜೇಬಲ್ಲಿ ಇನ್ನೂ ತೋಟಾ ಇದ್ರೂ ಅದು ಲೆಕ್ಕಕ್ಕಿಲ್ಲ, ರೈಫಲ್ ಒಳಗೆ ಇರೋದು ಒಂದೇ, ಕೊಂಬೆಗೆ ತಾಗಿ ಗುಂಡು ವಾಲಿದ್ರೆ ಪ್ರಾಣಿ ಗಾಯ ಆಗಿ ಓಡುತ್ತೆ. ಕಾದೆ. ಅದು ಎರಡು ಹೆಜ್ಜೆ ಮುಂದಿಟ್ಟು ಭುಜದ ಹಿಂಭಾಗ ಪೂರ್ತಿ ತೋರ್ಸಿದಾಗ ಮಾತ್ರ ಹೊಡೆದೆ, ಮೂವತ್ತು ಹೆಜ್ಜೆ ಓಡಿ ಬಿತ್ತು. ಬೇರೆ ರೈಫಲ್ ಇದ್ದಿದ್ರೆ ಕಾಯ್ತಿರ್ಲಿಲ್ಲ ಅಂತ ಅಲ್ಲ, ಆದ್ರೆ ಇದು ಕಾಯೋದನ್ನ ಅಭ್ಯಾಸ ಮಾಡ್ಸುತ್ತೆ, ಪ್ರಾಣಿಗೆ ನಾವು ಕೊಡಬೇಕಾದ ಕನಿಷ್ಠ ಮರ್ಯಾದೆ ಅದು ಅಂತ ನಾನು ನಂಬ್ತೀನಿ. ಮಾಂಸಕ್ಕೆ ಊರಿಂದ ತಂದ ಕಾಚಂಪುಳಿ (ಕೊಡಗಿನ ಹುಳಿ) ಹಾಕಿ ಹಂದಿ ಸಾರಿನ ರೀತೀಲೇ ಮಾಡಿದ್ವಿ, ಜಿಂಕೆ ಮಾಂಸದಲ್ಲಿ ಕೊಬ್ಬು ಕಮ್ಮಿ, ನಿಧಾನ ಬೇಯಿಸ್ಬೇಕು ಅಷ್ಟೇ.

ತಗೊಳೋ ಮುಂಚೆ ಗೊತ್ತಿರಬೇಕಾದ್ದು ಕೆಲವು ಇವೆ. ಈ ಡಿಸೈನ್‌ನಲ್ಲಿ ಸ್ಕೋಪ್ ಕೂರೋದು ಬ್ಯಾರಲ್ ಮೇಲಿನ ಕ್ವಾರ್ಟರ್ ರಿಬ್ ಅನ್ನೋ ಗಿಡ್ಡ ಲೋಹದ ಪಟ್ಟಿ ಮೇಲೆ, ಹಾಗಾಗಿ ಕಣ್ಣಿಂದ ಸ್ವಲ್ಪ ದೂರ ಆಗುತ್ತೆ, ಐ ರಿಲೀಫ್ ಜಾಸ್ತಿ ಇರೋ, ಅಂದ್ರೆ ಕಣ್ಣು ದೂರ ಇದ್ರೂ ಪೂರ್ತಿ ಕಾಣೋ, ಸ್ಕೋಪ್ ತಗೊಳಿ ಇಲ್ಲಾ ಸ್ಕೋಪ್‌ನ ಹಿಂದಕ್ಕೆ ತರೋ ಆಫ್‌ಸೆಟ್ ರಿಂಗ್ ಹಾಕ್ಸಿ. ಮುಂದಿನ ಮರ, ಅಂದ್ರೆ ಫೋರೆಂಡ್, ಬ್ಯಾರಲ್‌ಗೆ ಎಷ್ಟು ಒತ್ತುತ್ತೆ ಅನ್ನೋದ್ರ ಮೇಲೆ ಗುರಿ ಬದಲಾಗುತ್ತೆ ಅಂತ ಈ ರೈಫಲ್ ಬಗ್ಗೆ ಹಳೇ ಮಾತಿದೆ, ನಂದ್ರಲ್ಲಿ ಆ ತೊಂದ್ರೆ ಬಂದಿಲ್ಲ. ನಾನು ಸೆಕೆಂಡ್ ಹ್ಯಾಂಡ್ ತಗೊಂಡ ಅಂಗಡಿಯೋರು ಸ್ಕೋಪ್ ಕೂರಿಸಿ ಕೊಟ್ಟಿದ್ರು, ಗುಂಡು ಒಂದೊಂದು ಸಲ ಒಂದೊಂದು ಕಡೆ, ನೋಡಿದ್ರೆ ರಿಂಗ್ ಸ್ಕ್ರೂನೇ ಬಿಗಿ ಮಾಡಿರ್ಲಿಲ್ಲ. ಬಿಗಿ ಮಾಡಿದ್ಮೇಲೆ 100 ಗಜದಲ್ಲಿ ಮೂರು ಗುಂಡು ಒಂದು ಇಂಚು ಚಿಲ್ಲರೆಲಿ ಬೀಳುತ್ತೆ. ತೋಟಾ ಸಿಗೋದೂ ಕಷ್ಟ, ಎಲ್ಲಾ ಅಂಗಡೀಲೂ ಇಡಲ್ಲ. ರೀಲೋಡ್ ಮಾಡೋ ಮನಸ್ಸಿಲ್ದೆ ಇರೋರು 7 ಎಂಎಂ-08 ರೆಮಿಂಗ್ಟನ್ ಕಡೆ ಹೋಗಿ, ಗುಂಡು ಅದೇ ಅಳತೆ, ಕೆಲಸನೂ ಹೆಚ್ಚೂ ಕಮ್ಮಿ ಅದೇ, ಸುಲಭವಾಗಿ ಸಿಗುತ್ತೆ.

ದುಡ್ಡೂ ಜಾಸ್ತಿನೇ, ಹೊಸದಾದ್ರೆ ಎರಡು ಸಾವಿರ ಡಾಲರ್ ಹತ್ರ. ಅಷ್ಟು ಬೇಡ ಅನ್ನೋರಿಗೆ ಮಧ್ಯಕ್ಕೆ ಬಾಗಿ ತೆರೆಯೋ ಸಿವಿಎ ಸ್ಕೌಟ್ ಅಥವಾ ಹೆನ್ರಿ ಸಿಂಗಲ್ ಶಾಟ್ ಇದೆ, ಅದನ್ನ ಹಿಡಿದಾಗ ನನಗೆ ನಮ್ಮಜ್ಜನ ಕೋವಿ ಹಿಡಿದಂಗೇ ಆಯ್ತು, ಒಳ್ಳೇ ಸಾಮಾನು. ಜಾನ್ ಬ್ರೌನಿಂಗ್ ಡಿಸೈನ್ ಮಾಡಿದ 1885 ಹೈ ವಾಲ್ ಕೂಡ ಚೆನ್ನಾಗಿದೆ, ಆದ್ರೆ ಹ್ಯಾಮರ್ (ಈಡು ಹಾರಿಸೋ ಸುತ್ತಿಗೆ) ಹೊರಗಿದೆ, ಚಳಿಗೆ ಮರಗಟ್ಟಿದ ಬೆರಳಲ್ಲಿ ಅದನ್ನ ಮೆತ್ತಗೆ ಇಳಿಸೋದು ನನಗೆ ಧೈರ್ಯ ಬರಲ್ಲ. ಒಹಾಯೋ ಕಡೆ ಇರೋ ನಮ್ಮೋರು ಇದ್ಯಾವ್ದೂ ನೋಡೋಕೆ ಮುಂಚೆ ಕಾನೂನು ನೋಡಿ, ಅಲ್ಲಿ ಜಿಂಕೆ ಬೇಟೆಯ ರೈಫಲ್‌ಗೆ ನೆಟ್ಟಗಿನ ಗೋಡೆಯ, ಅಂದ್ರೆ ಕತ್ತು ಕಿರಿದಾಗದ ತೋಟಾ ಮಾತ್ರ, 7×57 ನಡೆಯಲ್ಲ, .450 ಬುಷ್‌ಮಾಸ್ಟರ್ ಅಥವಾ .350 ಲೆಜೆಂಡ್ ತಗೋಬೇಕು.

ಎಚ್-1ಬಿ ಮೇಲಿರೋರು ಬಹಳ ಜನ ಕೇಳ್ತಾರೆ, ನಾವು ತಗೋಬಹುದಾ ಅಂತ. ನಾನ್-ಇಮಿಗ್ರಂಟ್ ವೀಸಾದಲ್ಲಿ ಇರೋರಿಗೆ ಫೆಡರಲ್ ಕಾನೂನು ಪ್ರಕಾರ ಸಾಮಾನ್ಯವಾಗಿ ಬಂದೂಕು ಇಲ್ಲ, ಅಮೆರಿಕದ ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ರೆ ಅದಕ್ಕೊಂದು ವಿನಾಯಿತಿ ಇದೆ. ಆ ಲೈಸೆನ್ಸ್‌ಗೆ ಮೊದ್ಲು ಹಂಟರ್ ಎಜುಕೇಶನ್ ಕೋರ್ಸ್ ಮಾಡಿ, ರಾಜ್ಯದ ನಿಯಮನೂ ಬೇರೆಯಾಗಿ ಓದ್ಕೊಳಿ, ವೀಸಾ ವಿಷ್ಯದಲ್ಲಿ ಅನುಮಾನ ಇದ್ರೆ ವಕೀಲರನ್ನ ಕೇಳಿ ಆಮೇಲೆ ಅಂಗಡಿಗೆ ಹೋಗಿ. ಪೆನ್ಸಿಲ್ವೇನಿಯಾದಲ್ಲಿ ರೈಫಲ್ ಸೀಸನ್‌ಗೆ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಫ್ಲೋರೊಸೆಂಟ್ ಕಿತ್ತಳೆ ಬಣ್ಣದ ಬಟ್ಟೆ ಕಡ್ಡಾಯ, ಹೆಣ್ಣು ಜಿಂಕೆಗೆ ಬೇರೆ ಲೈಸೆನ್ಸ್ ಬೇಕು. ಸೆಕೆಂಡ್ ಹ್ಯಾಂಡ್ ನಂಬರ್ 1 ನೋಡೋಕೆ ಹೋದ್ರೆ ಲಿವರ್ ಇಳಿಸಿ ಬೆಳಕಿಗೆ ಹಿಡಿದು ಬ್ಯಾರಲ್ ಒಳಗೆ ಹಿಂದಿನಿಂದಲೇ ನೋಡಿ, ರೂಗರ್ ರಿಂಗ್ ಜೊತೆಗೆ ಕೊಡ್ತಾರಾ ಕೇಳಿ, ಆ ರಿಬ್‌ಗೆ ಬೇರೆ ಮಾಮೂಲಿ ರಿಂಗ್ ಕೂರಲ್ಲ.