ಪೆಕ್ಸ್ ಕಾರ್ಡು, ಚಿತ್ರದ ಬೋರ್ಡು, ಮಾತಾಡುವ ಟ್ಯಾಬ್: ಮಾತು ಬಾರದ ಮಗುವಿಗೆ ಯಾವುದು, ಯಾವಾಗ?

ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಶೇ. 30ರಷ್ಟು ಮಂದಿ ಶಾಲೆಯ ವಯಸ್ಸಿಗೆ ಬಂದರೂ ಬೆರಳೆಣಿಕೆಯ ಪದಗಳಲ್ಲೇ ಉಳಿಯುತ್ತಾರೆ. ಅವರಿಗೆ ಬಾಯಿಮಾತಿನ ಜೊತೆಗೆ ಇನ್ನೊಂದು ದಾರಿ ಬೇಕು. ಅಂಥ ದಾರಿಗಳನ್ನು ಮನೆ, ಶಾಲೆ, ಥೆರಪಿ ಕೋಣೆ ಮೂರೂ ಕಡೆ ಬಳಸಿ ನೋಡಿದ ಮೇಲೆ ನಾವು ಎರಡೇ ಪ್ರಶ್ನೆ ಇಟ್ಟುಕೊಂಡು ಹೋಲಿಸುತ್ತಿದ್ದೇವೆ. ಯಾರೂ ಕೇಳದೆ ಮಗು ತಾನಾಗಿ ಮಾತು ಶುರು ಮಾಡುತ್ತದೆಯೇ? ‘ಬೇಕು’ ಎನ್ನುವುದರ ಆಚೆಗೂ ಏನಾದರೂ ಹೇಳಲು ಸಾಧ್ಯವೇ?

ಮೊದಲು ಕಿವಿ ಪರೀಕ್ಷೆ. ‘ಆಟಿಸಂ ಇದೆಯಲ್ಲ, ಅದಕ್ಕೇ ಕರೆದರೆ ತಿರುಗಲ್ಲ’ ಎಂದು ಅದನ್ನು ಬಿಡಬೇಡಿ. ಮಗು ಕುಳಿತು ಸಹಕರಿಸದಿದ್ದರೂ ನಿದ್ದೆಯಲ್ಲಿ ಬೆರಾ ಪರೀಕ್ಷೆ (ಶಬ್ದಕ್ಕೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯೇ ಎಂದು ಅಳೆಯುವುದು) ಮಾಡಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ಮಾತಿನ ಥೆರಪಿ ಎರಡೂ ಸಿಗುತ್ತವೆ.

ಚಿತ್ರ ಕೊಟ್ಟರೆ ಮಗು ಮಾತಾಡುವುದನ್ನೇ ಬಿಡುತ್ತದೆ ಎಂಬ ಭಯಕ್ಕೂ ಇಲ್ಲೇ ಉತ್ತರ ಹೇಳಬೇಕು. 2006ರಲ್ಲಿ ಪ್ರಕಟವಾದ ಸಂಶೋಧನಾ ವಿಮರ್ಶೆಯೊಂದು, ಇಂಥ ದಾರಿಗಳನ್ನು ಬಳಸಿದ, ಬೆಳವಣಿಗೆಯ ತೊಂದರೆ ಇದ್ದವರ ಸರಿಯಾಗಿ ದಾಖಲಾದ 27 ಪ್ರಕರಣಗಳನ್ನು ತೂಗಿ ನೋಡಿತು. ಒಬ್ಬರಲ್ಲೂ ಮಾತು ಕಡಿಮೆಯಾಗಿರಲಿಲ್ಲ. ಶೇ. 89ರಷ್ಟು ಮಂದಿಯಲ್ಲಿ ಹೆಚ್ಚಿತ್ತು, ಉಳಿದವರಲ್ಲಿ ಇದ್ದಷ್ಟೇ ಇತ್ತು. ಹೆಚ್ಚಳ ದೊಡ್ಡದೇನಲ್ಲ, ಆದರೆ ನಷ್ಟವಂತೂ ಇಲ್ಲ. ‘ಇನ್ನೊಂದು ವರ್ಷ ಮಾತಿಗೆ ಕಾಯೋಣ’ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಪೆಕ್ಸ್

1985ರಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ಪದ್ಧತಿ ಇದು; ಪೂರ್ತಿ ಹೆಸರು ಪಿಕ್ಚರ್ ಎಕ್ಸ್‌ಚೇಂಜ್ ಕಮ್ಯುನಿಕೇಷನ್ ಸಿಸ್ಟಮ್. ಮಗು ಚಿತ್ರದ ಕಾರ್ಡನ್ನು ಎದುರಿನವರ ಕೈಗೆ ಕೊಟ್ಟು ವಸ್ತು ಪಡೆಯುತ್ತದೆ. ಒಟ್ಟು ಆರು ಹಂತ.

ಮೊದಲ ಹಂತಕ್ಕೆ ಇಬ್ಬರು ದೊಡ್ಡವರು ಬೇಕೇ ಬೇಕು. ಒಬ್ಬರು ಮುಂದೆ ಕೂತು ವಸ್ತು ಹಿಡಿದಿರುತ್ತಾರೆ. ಇನ್ನೊಬ್ಬರು ಮಗುವಿನ ಬೆನ್ನ ಹಿಂದೆ ಕೂತು, ತುಟಿ ಬಿಚ್ಚದೆ, ಮಗುವಿನ ಕೈ ಹಿಡಿದು ಕಾರ್ಡು ಎತ್ತಿಸಿ, ಮುಂದಿನವರ ಅಂಗೈಗೆ ತಲುಪಿಸಿ, ಬಿಡಿಸುತ್ತಾರೆ. ಮಗು ವಸ್ತುವಿಗೆ ಕೈ ಚಾಚಿದ ಮೇಲೆಯೇ ಹಿಂದಿನವರು ನೆರವಾಗಬೇಕು. ಕಾರ್ಡು ಕೈಗೆ ಬಿದ್ದ ಕೂಡಲೇ ಮುಂದಿನವರು ‘ಬಿಸ್ಕತ್ತು!’ ಎಂದು ಹೆಸರು ಹೇಳಿ ಕೊಡಬೇಕು. ಒಂದು ಬಿಸ್ಕತ್ತನ್ನು ಏಳೆಂಟು ಚೂರು ಮಾಡಿಟ್ಟುಕೊಳ್ಳಿ. ಇಡೀ ಬಿಸ್ಕತ್ತು ಕೊಟ್ಟರೆ ನಾಲ್ಕನೇ ಸಲಕ್ಕೇ ಮಗುವಿಗೆ ಸಾಕೆನಿಸುತ್ತದೆ, ಪಾಠ ಅಲ್ಲಿಗೆ ಮುಗಿಯುತ್ತದೆ.

ಹೆಚ್ಚಿನ ಕಡೆ ಕೆಡುವುದು ಇಲ್ಲೇ. ಮುಂದೆ ಕೂತವರು ಅಭ್ಯಾಸಬಲದಿಂದ ‘ಏನು ಬೇಕು ಪುಟ್ಟಾ? ಕಾರ್ಡು ಕೊಡು’ ಎನ್ನುತ್ತಾರೆ. ಹಾಗಾದರೆ ಮಗು ಕಲಿಯುವುದು ಪ್ರಶ್ನೆಗೆ ಕಾಯುವುದನ್ನು. ಆ ಪ್ರಶ್ನೆಯ ಜಾಗ ಐದನೇ ಹಂತ. ಒಬ್ಬರೇ ಇರುವ ಮನೆಯಲ್ಲಿ ಮೊದಲ ಹಂತ ಕಷ್ಟ. ಅಜ್ಜಿಯೋ ಚಿಕ್ಕಮ್ಮನೋ ದಿನಕ್ಕೆ ಹತ್ತು ನಿಮಿಷ ಬೆನ್ನ ಹಿಂದೆ ಕೂರಲು ಒಪ್ಪಿದರೆ ಸಾಕು.

ಎರಡನೇ ಹಂತವನ್ನು ಬಹಳ ಮಂದಿ ಹಾರಿಸಿಬಿಡುತ್ತಾರೆ. ಅದರಲ್ಲಿ ಮಗು ಎದ್ದು ಹೋಗಿ ಕಾರ್ಡು ತಂದು, ಬೆನ್ನು ತಿರುಗಿಸಿ ನಿಂತವರನ್ನೂ ಹುಡುಕಿ ಕೊಡಬೇಕು. ಅಂತರವನ್ನು ಒಂದೊಂದೇ ಹೆಜ್ಜೆ ಹೆಚ್ಚಿಸಿ. ಈ ಹಂತ ಬಿಟ್ಟರೆ ಮೇಜಿನ ಮುಂದೆ ಚೆನ್ನಾಗಿ ಮಾಡುವ ಮಗು ಅಡುಗೆಮನೆಯಲ್ಲಿರುವ ಅಮ್ಮನ ಬಳಿ ಬರುವುದೇ ಇಲ್ಲ. ಮೂರನೆಯದು ಚಿತ್ರಗಳ ನಡುವೆ ವ್ಯತ್ಯಾಸ ಗುರುತಿಸುವುದು. ಇಷ್ಟದ್ದೊಂದು, ಬೇಡದ್ದೊಂದು ಇಟ್ಟು ಶುರುಮಾಡಿ. ಎರಡೂ ಇಷ್ಟದ್ದಾದರೆ ಯಾವ ಕಾರ್ಡು ಕೊಟ್ಟರೂ ಲಾಭವೇ, ನೋಡಿ ಕೊಡುವ ಗರಜೇ ಬೀಳುವುದಿಲ್ಲ.

ನಾಲ್ಕನೇ ಹಂತ ವಾಕ್ಯಪಟ್ಟಿಯದು, ಅಂದರೆ ಕಾರ್ಡುಗಳನ್ನು ಸಾಲಾಗಿ ಅಂಟಿಸಿ ವಾಕ್ಯ ಮಾಡುವ ಪಟ್ಟಿ. ಇಂಗ್ಲಿಷ್ ಕಿಟ್‌ನಲ್ಲಿ ‘ಐ ವಾಂಟ್’ ಕಾರ್ಡು ಎಡತುದಿಗೆ ಅಂಟಿರುತ್ತದೆ. ಕನ್ನಡದ ಮನೆಗೆ ಅದು ಹೊಂದುವುದಿಲ್ಲ. ಎಡಕ್ಕೆ ‘ನೀರು’, ಬಲತುದಿಗೆ ‘ಬೇಕು’ ಇಡಿ. ಇನ್ನೊಂದು ಸೂಕ್ಷ್ಮ ಇದೆ: ಪಟ್ಟಿ ಓದುವಾಗ ಮಗುವೇ ಪದ ತುಂಬಲಿ ಎಂದು ಮೂರರಿಂದ ಐದು ಸೆಕೆಂಡು ನಿಲ್ಲಿಸುತ್ತೇವೆ. ಕನ್ನಡದಲ್ಲಿ ಕೊನೆಯ ಪದದ ಮುಂದೆ ನಿಲ್ಲಿಸಿದರೆ ಮಗು ಎಲ್ಲಕ್ಕೂ ‘ಬೇಕು’ ಎಂದಷ್ಟೇ ಹೇಳಲು ಕಲಿಯುತ್ತದೆ. ಆದ್ದರಿಂದ ಮಗುವಿನ ಬೆರಳನ್ನು ಮೊದಲ ಚಿತ್ರದ ಮೇಲಿಟ್ಟು ಅಲ್ಲೇ ಕಾಯಿರಿ.

ಕಾರ್ಡು ಐದು ಸೆಂ.ಮೀ. ಚೌಕವಿರಲಿ. ಲ್ಯಾಮಿನೇಷನ್ ಕತ್ತರಿಸುವಾಗ ಕಾಗದದ ಸುತ್ತ ಮೂರು ಮಿ.ಮೀ. ಪ್ಲಾಸ್ಟಿಕ್ ಅಂಚು ಬಿಡಿ, ಇಲ್ಲದಿದ್ದರೆ ಬಾಯಿಗಿಟ್ಟ ಮೊದಲ ದಿನವೇ ಬಿಚ್ಚಿಕೊಳ್ಳುತ್ತದೆ. ಮೂಲೆಗಳನ್ನು ದುಂಡಗೆ ಮಾಡಿ. ವೆಲ್ಕ್ರೋದ ಯಾವ ಬದಿ ಕಾರ್ಡಿಗೆ, ಯಾವುದು ಕಾರ್ಡುಗಳನ್ನು ಅಂಟಿಸಿಡುವ ಪುಸ್ತಕಕ್ಕೆ ಎಂದು ಮನೆ ಮತ್ತು ಶಾಲೆ ಸೇರಿ ಒಂದೇ ನಿಯಮ ಮಾಡಿಕೊಳ್ಳಿ. ಇಲ್ಲಿಯ ಕಾರ್ಡು ಅಲ್ಲಿ ಅಂಟದೆ ಪುಸ್ತಕವೇ ಮೂಲೆ ಸೇರಿದ್ದುಂಟು.

ಮಾತು ಶುರುಮಾಡುವುದನ್ನು ಪೆಕ್ಸ್‌ನಷ್ಟು ಚೆನ್ನಾಗಿ ಕಲಿಸುವುದು ಇನ್ನೊಂದಿಲ್ಲ. ಆದರೆ ಕೇಳಿ ಪಡೆಯುವುದರಲ್ಲೇ ಮಗು ವರ್ಷಗಟ್ಟಲೆ ನಿಂತುಬಿಡುತ್ತದೆ. ‘ನೋಡು’, ‘ನೋವು’, ‘ಹೋಗೋಣ’ ಎನ್ನಲು, ಕಂಡದ್ದನ್ನು ಹೇಳಲು ಕಲಿಸುವ ಆರನೇ ಹಂತದವರೆಗೆ ಕಾಯಬೇಕೆಂದರೆ ನಮಗೆ ಒಪ್ಪಿಗೆಯಿಲ್ಲ.

ಬೋರ್ಡು

ಆ ಕೊರತೆಯನ್ನು ತುಂಬುವುದು ಎ4 ಅಥವಾ ಎ3 ಹಾಳೆಯ ಬೋರ್ಡು. ವಸ್ತುಗಳ ಹೆಸರಿಗಿಂತ ಎಲ್ಲ ಸಂದರ್ಭಕ್ಕೂ ಒದಗುವ ಪದಗಳು ಅದರಲ್ಲಿರಬೇಕು: ಬೇಕು, ಬೇಡ, ಇನ್ನೂ, ಸಾಕು, ಕೊಡು, ಬಾ, ಹೋಗೋಣ, ನೋಡು, ಆಯ್ತು, ಎಲ್ಲಿ, ಯಾರು, ತೆಗಿ, ಹಾಕು, ಇಷ್ಟ, ನೋವು, ನನಗೆ, ನಿನಗೆ. ಇಪ್ಪತ್ತರಿಂದ ನಲವತ್ತು ಪದ ಸಾಕು. ಇಂಗ್ಲಿಷ್ ಬೋರ್ಡನ್ನು ಪದಕ್ಕೆ ಪದ ಕನ್ನಡಿಸಿದರೆ ‘ನಾನು ನೀರು ಬೇಕು’ ಎಂಬ ವಾಕ್ಯ ಬರುತ್ತದೆ. ಅದಕ್ಕೇ ‘ನನಗೆ’ ಬೇರೆ ಚೌಕದಲ್ಲಿರಬೇಕು. ಮನೆಯಲ್ಲಿ ತುಳುವೋ ಉರ್ದುವೋ ಆಡುತ್ತಿದ್ದರೆ ಮನೆಯ ಬೋರ್ಡೂ ಆ ಭಾಷೆಯದೇ ಇರಲಿ.

ಬಳಸುವ ಕ್ರಮ ಪೆಕ್ಸ್‌ಗೆ ತದ್ವಿರುದ್ಧ. ಇಲ್ಲಿ ಮೊದಲು ಬೆರಳಿಡುವವರು ದೊಡ್ಡವರು. ದೋಸೆ ಬಡಿಸುತ್ತ ‘ಇನ್ನೂ ಬೇಕಾ?’ ಎನ್ನುವಾಗ ಇನ್ನೂ, ಬೇಕು ಎರಡನ್ನೂ ಮುಟ್ಟಿ, ಐದರಿಂದ ಹತ್ತು ಸೆಕೆಂಡು ಸುಮ್ಮನಿರಿ. ‘ನೀನೂ ತೋರಿಸು’ ಎಂದು ಒತ್ತಾಯಿಸಬೇಡಿ. ಮಗು ಒಂದು ಪದ ತೋರಿಸುವ ಮಟ್ಟದಲ್ಲಿದ್ದರೆ ನೀವು ಎರಡು ಪದ ತೋರಿಸಿ. ಪದಗಳ ಜಾಗ ಮಾತ್ರ ಎಂದೂ ಬದಲಾಗಕೂಡದು, ಏಕೆಂದರೆ ಮಗು ಚಿತ್ರ ನೋಡಿ ಹುಡುಕುವುದಕ್ಕಿಂತ ಹೆಚ್ಚಾಗಿ ಕೈಗೆ ರೂಢಿಯಾದ ಜಾಗಕ್ಕೆ ಹೋಗುತ್ತದೆ.

ಖರ್ಚು ಜೆರಾಕ್ಸ್ ಅಂಗಡಿಯದಷ್ಟೇ. ಬಚ್ಚಲುಮನೆಯಲ್ಲಿ, ಬಸ್ಸಿನಲ್ಲಿ, ಕರೆಂಟು ಹೋದಾಗ ಎಲ್ಲೆಲ್ಲೂ ನಡೆಯುತ್ತದೆ. ದೋಷ ಒಂದೇ, ಆದರೆ ದೊಡ್ಡದು: ಬೋರ್ಡಿಗೆ ದನಿಯಿಲ್ಲ. ಯಾರೂ ನೋಡದಿರುವಾಗ ಮಗು ತೋರಿಸಿದ್ದು ವ್ಯರ್ಥ. ಹಾಗೆ ಕೆಲವು ಸಲ ಆದರೆ ಮಗು ಮತ್ತೆ ದೊಡ್ಡವರ ಕೈ ಹಿಡಿದೆಳೆಯುವುದಕ್ಕೇ ಮರಳುತ್ತದೆ.

ಮಾತಾಡುವ ಟ್ಯಾಬ್

ದನಿ ಬೇಕೆಂದರೆ ಆ್ಯಪ್. ಚೆನ್ನೈನಲ್ಲಿ ಹುಟ್ಟಿದ ಅವಾಜ್, ಐಐಟಿ ಬಾಂಬೆಯಲ್ಲಿ ರೂಪುಗೊಂಡ ಉಚಿತ ಜೆಲ್ಲೋ ನಮ್ಮ ಕಡೆ ಹೆಚ್ಚು ಕೇಳಿಬರುತ್ತವೆ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 5ರಿಂದ 8 ವರ್ಷದ, ಬಹಳ ಕಡಿಮೆ ಮಾತಿನ 61 ಮಕ್ಕಳಿಗೆ ಆಟ ಆಧಾರಿತ ಥೆರಪಿ ಕೊಟ್ಟರು. ಮೊದಲಿನಿಂದಲೇ ಮಾತಾಡುವ ಸಾಧನವೂ ಜೊತೆಗಿದ್ದ ಮಕ್ಕಳು ತಾವಾಗಿ ಹೇಳುವುದು ಹೆಚ್ಚಿತು. ಗಮನಿಸಿ, ಅಲ್ಲಿ ಟ್ಯಾಬ್ ಥೆರಪಿಯ ಜೊತೆಗಿತ್ತು. ಟ್ಯಾಬ್ ಕೊಂಡು ಕೈಗಿತ್ತರೆ ಅದು ಬರೀ ಆಟಿಕೆ.

ದುಡ್ಡು ಕೊಡುವ ಮುಂಚೆ ಮೂರು ನೋಡಿ. ಕನ್ನಡದ ದನಿ ಸ್ಪಷ್ಟವೇ? ಗುಂಡಿಗೆ ನಮ್ಮದೇ ದನಿ ರೆಕಾರ್ಡ್ ಮಾಡಬಹುದೇ? ಜೋಡಿಸಿದ ಪುಟಗಳ ಬ್ಯಾಕಪ್ ತೆಗೆಯಬಹುದೇ? ಮೊದಲು ನಾಲ್ಕು ಗುಂಡಿ, ಆಮೇಲೆ ಒಂಬತ್ತು, ಆಮೇಲೆ ಇಪ್ಪತ್ತು ಎಂದು ಹೋಗಬೇಡಿ, ಪ್ರತಿ ಸಲವೂ ಪದಗಳ ಜಾಗ ಅದಲುಬದಲಾಗುತ್ತದೆ. ದೊಡ್ಡ ಚೌಕಳಿಯನ್ನೇ ಹಾಕಿ, ಈಗ ಬೇಡದ ಗುಂಡಿಗಳನ್ನು ಮರೆಮಾಡಿ. ಯೂಟ್ಯೂಬ್ ಇರುವ ಟ್ಯಾಬನ್ನೇ ಮಾತಿಗೂ ಬಳಸಿದರೆ ಯೂಟ್ಯೂಬೇ ಗೆಲ್ಲುತ್ತದೆ. ಹಳೆಯದಾದರೂ ಸರಿ, ಮಾತಿಗೆಂದೇ ಒಂದು ಬೇರೆ ಇರಲಿ, ಆ್ಯಪಿನಿಂದ ಹೊರಬರದಂತೆ ಲಾಕ್ ಮಾಡಿ. ಕವರ್ ಸ್ಪೀಕರನ್ನು ಮುಚ್ಚಿಲ್ಲವೇ ನೋಡಿ. ಮಗು ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಕಸಿದುಕೊಳ್ಳಬೇಡಿ. ಅದು ತೊದಲುವ ಕಾಲ.

ಕೈಸನ್ನೆಯ ಬಗ್ಗೆ ಎರಡೇ ಮಾತು. ಸದಾ ಜೊತೆಗಿರುತ್ತದೆ, ಆದರೆ ಅನುಕರಣೆ ಕಷ್ಟವಾಗುವ ಮಕ್ಕಳಲ್ಲಿ ಸನ್ನೆಗಳು ಒಂದರಂತೆ ಇನ್ನೊಂದು ಕಾಣತೊಡಗುತ್ತವೆ, ಹೊರಗಿನವರಿಗೆ ತಿಳಿಯುವುದಿಲ್ಲ. ಸಾಕು, ಇನ್ನೂ, ಬೇಡ ಇಷ್ಟಕ್ಕೆ ಒಳ್ಳೆಯದು. ಇನ್ನು ದೊಡ್ಡವರು ಮಗುವಿನ ಕೈ ಹಿಡಿದು ಅಕ್ಷರ ತೋರಿಸುವ ಪದ್ಧತಿಗಳಿಂದ ದೂರವಿರಿ. ಅಲ್ಲಿ ಮಾತಾಡುತ್ತಿರುವವರು ಹಿಡಿದವರೇ ಎಂಬುದು ಪರೀಕ್ಷೆಗಳಲ್ಲಿ ಬಯಲಾಗಿದೆ. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಅವನ್ನು ಬಳಸಬಾರದೆಂದು ಹೇಳಿದೆ.

ಆಯ್ಕೆ ಹೀಗೆ ಮಾಡಿ. ಬೋರ್ಡು ಎಲ್ಲ ಮಕ್ಕಳಿಗೂ, ಇವತ್ತಿನಿಂದಲೇ. ಬೇಕಾದ್ದನ್ನು ತಾನೇ ಹತ್ತಿ ತೆಗೆದುಕೊಳ್ಳುವ, ಜನರ ಬಳಿ ಬರದ ಮಗುವಿಗೆ ಅದರ ಜೊತೆ ಪೆಕ್ಸ್‌ನ ಮೊದಲ ಎರಡು ಹಂತ. ಬೆರಳಿಟ್ಟು ತೋರಿಸುವ, ಮುಖ ನೋಡುವ ಮಗುವಿಗೆ ಪೆಕ್ಸ್ ಬೇಕಿಲ್ಲ, ನೇರ ಟ್ಯಾಬ್. ಶುರುಮಾಡುವ ಮುಂಚೆ ಒಂದು ಊಟದ ಹೊತ್ತು, ಹದಿನೈದು ನಿಮಿಷ, ಯಾರೂ ಕೇಳದೆ ಮಗು ಎಷ್ಟು ಸಲ ಏನನ್ನು ತಿಳಿಸಿತು ಎಂದು ಗೀಟು ಹಾಕಿ. ಎರಡು ವಾರಕ್ಕೊಮ್ಮೆ ಅದೇ ಹೊತ್ತಿಗೆ ಮತ್ತೆ ಎಣಿಸಿ. ಎರಡು ತಿಂಗಳಾದರೂ ಗೀಟು ಹೆಚ್ಚದಿದ್ದರೆ ಸಾಧನ ಬದಲಿಸುವ ಮುಂಚೆ, ದೊಡ್ಡವರು ದಿನಕ್ಕೆ ಎಷ್ಟು ಸಲ ಬೋರ್ಡು ಮುಟ್ಟುತ್ತಿದ್ದಾರೆ ಎಂದು ಎಣಿಸಿ ನೋಡಿ.